ಆಗದೆ ಹೋದದ್ದರ ವ್ಯಾಕರಣ: ಸ್ಪ್ಯಾನಿಶ್ ಷರತ್ತಿನ ರೂಪವೂ ಬೆಳಗಾವಿ ಸೀಮೆಯ ಕನ್ನಡವೂ



ಶರಣೆ ಗಂಗಾಂಬಿಕೆಯ ಐಕ್ಯಸ್ಥಳವಿರುವ ಈ ಮಲಪ್ರಭೆಯ ದಂಡೆಗೆ ಸ್ಪ್ಯಾನಿಶ್ ವ್ಯಾಕರಣ ಹೊತ್ತು ಬಂದವನನ್ನು ಕರೆದು ವೇದಿಕೆಯ ಮೇಲೆ ಕೂರಿಸಿದ್ದೀರಿ. ಇದು ನನ್ನ ಪಾಲಿಗೆ ದೊಡ್ಡ ಗೌರವ. ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಮಾಸ್ತರರು ಕಲಿಸಿದ್ದು ಕನ್ನಡ ವ್ಯಾಕರಣ. ಆದ್ದರಿಂದ ಸ್ಪ್ಯಾನಿಶ್ ಬಾಗಿಲಿನಿಂದ ಹೊಕ್ಕರೂ ಅವರ ಅಂಗಳಕ್ಕೇ ಬಂದು ನಿಲ್ಲುತ್ತೇನೆ.

ರೂಪದ ಸಂಗತಿಯನ್ನು ಬೇಗ ಮುಗಿಸೋಣ, ಅದು ಯಾವ ಕೈಪಿಡಿಯಲ್ಲಿಯೂ ಸಿಗುತ್ತದೆ. ಸ್ಪ್ಯಾನಿಶ್‌ನಲ್ಲಿ ಧಾತುವಿನ ಪೂರ್ಣರೂಪಕ್ಕೆ ‘ಈಆ’ ಎಂಬ ಪ್ರತ್ಯಯ ಹತ್ತಿದರೆ ಷರತ್ತಿನ ರೂಪ ಸಿದ್ಧ. ‘ಕೊಂಪ್ರಾರ್’ ಎಂದರೆ ಕೊಳ್ಳುವುದು. ‘ಕೊಂಪ್ರರೀಆ’ ಎಂದರೆ ಕೊಳ್ಳುತ್ತಿದ್ದೆ ಅಥವಾ ಕೊಳ್ಳುತ್ತಿದ್ದ. ದಾರಿ ತಪ್ಪುವ ಧಾತುಗಳು ಹನ್ನೆರಡರ ಆಸುಪಾಸು: ‘ತೆನೆರ್’ (ಹೊಂದಿರುವುದು) ಇದ್ದದ್ದು ‘ತೆಂದ್ರೀಆ’ ಆಗುತ್ತದೆ, ‘ಬೆನಿರ್’ (ಬರುವುದು) ಇದ್ದದ್ದು ‘ಬೆಂದ್ರೀಆ’. ಬಾಯಿಪಾಠ ಮಾಡಿದರೆ ತೀರಿತು. ನನಗೆ ಮುಖ್ಯವಾದದ್ದು ಆ ‘ಈಆ’ದ ಹುಟ್ಟು. ಅದು ‘ಅಬೆರ್’ ಎಂಬ ಸಹಾಯಕ ಕ್ರಿಯಾಪದದ ಭೂತರೂಪವಾದ ‘ಅಬೀಆ’ದ ಸವೆದ ತುಣುಕು. 1492ರಲ್ಲಿ ಕ್ಯಾಸ್ಟಿಲಿಯನ್ ವ್ಯಾಕರಣ ಅಚ್ಚು ಹಾಕಿಸಿದ ನೆಬ್ರಿಹಾ ಆಗಲೇ ಇದನ್ನು ಗುರುತಿಸಿದ್ದ. ಅಂದರೆ ಈ ರೂಪದ ಹೊಟ್ಟೆಯೊಳಗೆ ಒಂದು ಭೂತಕಾಲ ಕೂತಿದೆ.

ಜಗಳ ಶುರುವಾಗುವುದು ಇಲ್ಲಿಂದ. ಇದು ಕಾಲವೋ, ವಿಧ್ಯರ್ಥ-ನಿಷೇಧಾರ್ಥಗಳಂಥ ‘ಅರ್ಥ’ವೋ? ಕರಾಕಸ್‌ನಲ್ಲಿ ಹುಟ್ಟಿ ಚಿಲಿಯಲ್ಲಿ ನೆಲೆಸಿದ ಆಂದ್ರೆಸ್ ಬೆಲ್ಯೊ 1847ರ ತಮ್ಮ ವ್ಯಾಕರಣದಲ್ಲಿ ಇದನ್ನು ಕಾಲವೆಂದರು. ಭೂತದಲ್ಲಿ ನಿಂತು ಮುಂದೆ ನೋಡುವ ಕಾಲ. ‘ಬರುವೆನೆಂದು ಹೇಳಿದ’ ಎಂಬಲ್ಲಿಯ ಬರುವಿಕೆ. ಸ್ಪೇನಿನ ಅಕಾಡೆಮಿ 1931ರ ವ್ಯಾಕರಣದಲ್ಲಿ ಇದಕ್ಕೆ ಬೇರೆಯೇ ಒಂದು ‘ಸಂಭಾವ್ಯ’ ಅರ್ಥವನ್ನು ಕಟ್ಟಿಕೊಟ್ಟಿತು; 1973ರ ಕರಡಿನಲ್ಲಿ ಅದನ್ನು ಬಿಟ್ಟುಕೊಟ್ಟು ನಿಶ್ಚಯಾರ್ಥದೊಳಗಿನ ಕಾಲವೆಂದು ಒಪ್ಪಿತು. ಬೆಲ್ಯೊ ಗೆದ್ದರೆಂದು ಹಲವರು ಬರೆದರು. ನನಗೆ ಅಷ್ಟು ಖಾತ್ರಿಯಿಲ್ಲ, ಮತ್ತು ನನ್ನ ತಕರಾರಿಗೆ ಸಾಕ್ಷಿ ಇರುವುದು ಮ್ಯಾಡ್ರಿಡ್‌ನಲ್ಲಿ ಅಲ್ಲ, ಈ ಸೀಮೆಯಲ್ಲಿ.

ನಮ್ಮ ಶಾಲಾ ವ್ಯಾಕರಣಗಳು ವಿಧ್ಯರ್ಥ, ನಿಷೇಧಾರ್ಥಗಳ ಜೊತೆಗೆ ಸಂಭಾವನಾರ್ಥವನ್ನು ಇಡುತ್ತವೆ: ಬಂದಾನು, ಮಾಡಿಯಾನು, ಹೋದೀತು. ಸ್ಪ್ಯಾನಿಶ್ ಕಲಿಸುವ ನಮ್ಮ ಮಿತ್ರರು ‘ಬೆಂದ್ರೀಆ’ ಬಂತೆಂದರೆ ಪಕ್ಕದಲ್ಲಿ ‘ಬಂದಾನು’ ಎಂದು ಬರೆದು ಮುಂದೆ ಹೋಗುತ್ತಾರೆ. ಇದು ತಪ್ಪು ಜೋಡಿ. ಪರೀಕ್ಷೆ ಸುಲಭ. ಪುಣೆಗೆ ದುಡಿಯಲು ಹೋದ ಬೈಲಹೊಂಗಲದ ರೈತನೊಬ್ಬ ‘ಊರಾಗ ಮಳಿ ಆಗಿದ್ರ ಪೀಕು ಬಂದೀತು’ ಎನ್ನುತ್ತಾನೆ ಅನ್ನಿ. ಮಳೆ ಆಗಿದೆಯೋ ಇಲ್ಲವೋ ಅವನಿಗೆ ಗೊತ್ತಿಲ್ಲ, ಆಸೆ ಇದೆ. ಅದೇ ಮನುಷ್ಯ ‘ಮಳಿ ಆಗಿದ್ರ ಪೀಕು ಬರ್ತಿತ್ತು’ ಎಂದರೆ ಮಳೆ ಆಗಿಲ್ಲ, ಪೀಕೂ ಇಲ್ಲ. ಮೊದಲ ಅರ್ಧ ಎರಡರಲ್ಲೂ ಒಂದೇ. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂದು ತೀರ್ಮಾನಿಸುವುದು ಕೊನೆಯ ಕ್ರಿಯಾಪದ. ಸ್ಪ್ಯಾನಿಶ್‌ನ ‘ಬೆಂದ್ರೀಆ’ಗೆ ಸಾಟಿ ‘ಬರ್ತಿತ್ತು’, ‘ಬಂದೀತು’ ಅಲ್ಲ. ‘ಬಂದೀತು’ ಊಹೆಗೆ, ಎಚ್ಚರಿಕೆಗೆ ಮೀಸಲು. ಮಕ್ಕಳು ಮರ ಹತ್ತಿದರೆ ತಾಯಂದಿರು ‘ಬಿದ್ದೀ ನೋಡ!’ ಎನ್ನುವುದು ಇದೇ ರೂಪದಿಂದ.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತಿದೆ: ‘ಬರ್ತಿತ್ತು’ ಬರಿಯ ರೂಢಿಯ ಭೂತಕಾಲ, ‘ಮೊದಲು ಹೊಳಿಗೆ ದಿನಾ ನೀರು ಬರ್ತಿತ್ತು’ ಎಂಬಂತೆ, ಅದಕ್ಕೆ ಷರತ್ತಿನ ಪಟ್ಟ ಯಾಕೆ? ಈ ವಾದ ತನ್ನನ್ನೇ ತಿನ್ನುತ್ತದೆ. ಸ್ಪ್ಯಾನಿಶ್ ಆಡುಮಾತಿನಲ್ಲಿಯೂ ‘ಹಣ ಇದ್ದಿದ್ದರೆ ಮನೆ ಕೊಳ್ಳುತ್ತಿದ್ದೆ’ ಎನ್ನಲು ‘ಕೊಂಪ್ರರೀಆ’ ಬಿಟ್ಟು ರೂಢಿಯ ಭೂತವಾದ ‘ಕೊಂಪ್ರಾಬಾ’ ಹೇಳುವುದು ಸಾಮಾನ್ಯ. ಎರಡು ಭಾಷೆ ಒಂದಕ್ಕೊಂದು ಗೊತ್ತಿಲ್ಲದೆ ಒಂದೇ ಕಡೆಗೆ ಕೈಚಾಚಿದರೆ ಅದನ್ನು ಅಡ್ಡಹೆಸರಿಟ್ಟು ತಳ್ಳಿಹಾಕಲಾಗದು.

ಮರಾಠಿ ಬಲ್ಲವರು ಇಲ್ಲಿ ಅನೇಕರಿದ್ದೀರಿ, ನಿಮ್ಮನ್ನೇ ಕೇಳುತ್ತೇನೆ. ‘ಪಾಊಸ ಪಡಲಾ ಅಸತಾ ತರ ಪೀಕ ಆಲಂ ಅಸತಂ’ ಎಂಬಲ್ಲಿ ‘ಅಸತಾ’ ಎರಡೂ ಅರ್ಧಗಳಲ್ಲಿ ಕೂರುತ್ತದೆ. ಕನ್ನಡ ಹಾಗೆ ಮಾಡದು. ನಮ್ಮ ಮೊದಲರ್ಧಕ್ಕೆ ‘ರೆ’ ಸಾಕು, ಹಳಗನ್ನಡದ ‘ಬಂದೊಡೆ’ಯಿಂದ ಇಳಿದು ಬಂದದ್ದು. ಸ್ಪ್ಯಾನಿಶ್ ಪಾಠಪುಸ್ತಕವೂ ‘ಸಿ’ (ಆದರೆ) ಎಂಬ ಪದದ ನಂತರ ‘ತೆಂದ್ರೀಆ’ ಬೇಡ, ‘ತೆನೆರ್’ನ ಇನ್ನೊಂದು ರೂಪವಾದ ‘ತುಬಿಯೆರಾ’ ಹಾಕಿ ಎಂದು ಗದರುತ್ತದೆ. ಆದರೆ ಉತ್ತರ ಸ್ಪೇನಿನ ಬುರ್ಗೋಸ್, ನವಾರಾ, ಬಾಸ್ಕ್ ಸೀಮೆಗಳ ಜನ ‘ಸಿ ತೆಂದ್ರೀಆ’ ಎಂದೇ ಆಡುತ್ತಾರೆ. ವೈಯಾಕರಣರ ಗದರಿಕೆ ಅವರನ್ನು ತಟ್ಟಿಲ್ಲ. ಮರಾಠಿಯಲ್ಲಿ ಶಿಷ್ಟವಾದದ್ದು ಅಲ್ಲಿ ಅಶಿಷ್ಟ; ಶಿಷ್ಟತೆ ಎಷ್ಟು ಊರಿನ ಮಾತು ನೋಡಿ.

ಈಗ ಬೆಲ್ಯೊ. ಅವರ ಕೋಟೆ ನಿಂತಿರುವುದು ‘ಬರುವೆನೆಂದು ಹೇಳಿದ’ ಎಂಬ ಒಂದೇ ಬುರುಜಿನ ಮೇಲೆ. ಭೂತದಿಂದ ನೋಡಿದ ಭವಿಷ್ಯತ್ತೇ ಮೂಲಾರ್ಥ, ಷರತ್ತು ಅದರಿಂದ ಹೊಮ್ಮಿದ ಲಾಕ್ಷಣಿಕ ಬಳಕೆ ಎಂಬುದು ಅವರ ನಿಲುವು. ಕನ್ನಡದಲ್ಲಿ ‘ನಾಳೆ ಬರ್ತೀನಂತ ಹೇಳಿದ’ ಎನ್ನುತ್ತೇವೆ. ಆಡಿದವನ ಮಾತು ಆಡಿದ ಕಾಲದಲ್ಲಿಯೇ ಉಳಿಯುತ್ತದೆ, ಭೂತಕ್ಕೆ ಜಾರದು. ಆ ಮೂಲಾರ್ಥವೇ ಇಲ್ಲದ ಕನ್ನಡದ ‘ಬರ್ತಿತ್ತು’ ಆಗದ ಸಂಗತಿಯನ್ನು ಸರಾಗವಾಗಿ ಹೇಳುತ್ತದೆ. ಹಾಗಾದರೆ ಷರತ್ತಿನ ಅರ್ಥಕ್ಕೆ ಭವಿಷ್ಯತ್ತು ಬೇಕಿಲ್ಲ. ಬೇಕಾದದ್ದು ಭೂತರೂಪ ಕೊಡುವ ದೂರ: ಇಂದಿನಿಂದ ದೂರ, ನಿಜದಿಂದ ದೂರ.

ಮತ್ತು ಎದುರಿಗಿರುವವರಿಂದಲೂ ದೂರ. ಹಿರಿಯರ ಮುಂದೆ ನಿಂತು ನಾವು ‘ಒಂದ ಮಾತ ಕೇಳೂದಿತ್ರಿ’ ಎನ್ನುತ್ತೇವೆ. ಕೇಳುವುದು ಈಗಲೇ, ಕ್ರಿಯಾಪದ ಮಾತ್ರ ಭೂತ. ‘ಕೇಳೂದೈತಿ’ ಎಂದರೆ ಜಬರದಸ್ತಾಗುತ್ತದೆ. ಸ್ಪ್ಯಾನಿಶ್ ಮನುಷ್ಯ ‘ಪೊದ್ರೀಆ’ (ಆಗಬಹುದೇ) ಎಂದು ಬೇಡುವುದು ಇದೇ ಮರ್ಯಾದೆಯಿಂದ. ಆಗದ ಸಂಗತಿಗೂ ವಿನಯಕ್ಕೂ ಒಂದೇ ರೂಪ ಏಕೆ ಎಂಬುದಕ್ಕೆ ಅಕಾಡೆಮಿಯ ‘ಸಂಭಾವ್ಯ’ವೂ ಬೆಲ್ಯೊ ಅವರ ‘ಭೂತದ ಭವಿಷ್ಯ’ವೂ ನೇರ ಉತ್ತರ ಕೊಡುವುದಿಲ್ಲ, ದೂರ ಎಂದರೆ ಎರಡೂ ಒಂದೇ ಗಂಟಿನಲ್ಲಿ ಬಿಚ್ಚಿಕೊಳ್ಳುತ್ತವೆ.

ಈ ನೆಲದಲ್ಲಿ ಆಗದೆ ಹೋದದ್ದರ ಉದಾಹರಣೆಗೆ ಬರವಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಬಿದ್ದ, ಡಿಸೆಂಬರಿನಲ್ಲಿ ಕೋಟೆ ಹೋಯಿತು, 1829ರಲ್ಲಿ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ‘ಒಳಗಿನವರು ಮೋಸ ಮಾಡದಿದ್ರ ಕಿತ್ತೂರು ಉಳೀತಿತ್ತು’ ಎಂದು ಕಟ್ಟೆಯ ಮೇಲೆ ಕೂತವರು ಹೇಳುವುದನ್ನು ಕೇಳದವರಿಲ್ಲ. ಅಲ್ಲಿ ‘ಉಳಿದೀತು’ ಎಂದು ಯಾರಾದರೂ ಅಂದರೆ ಹುಡುಗರೂ ನಗುತ್ತಾರೆ. ದತ್ತಿಯ ಮಾಸ್ತರರು ಇದ್ದಿದ್ದರೆ ಈ ಒಂದು ವಾಕ್ಯ ಹಿಡಿದೇ ಇಡೀ ತರಗತಿ ನಡೆಸುತ್ತಿದ್ದರು.

ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ಸಂಭಾವನಾರ್ಥ ಕಲಿಸುವ ದಿನ ‘ಬಂದೀತು’ವಿನ ಪಕ್ಕದಲ್ಲಿ ‘ಬರ್ತಿತ್ತು’ವನ್ನೂ ಹಲಗೆಯ ಮೇಲೆ ಬರೆಯಿರಿ. ಪಠ್ಯಪುಸ್ತಕ ಪರಿಷ್ಕರಣೆಗೆ ಕೂರುವವರು ಈ ರೂಪಕ್ಕೆ ಅದರದೇ ಹೆಸರು ಮತ್ತು ಅರ್ಧ ಪುಟ ಜಾಗ ಕೊಡಲಿ.