ಬಿಡದ ಲಾಕಪ್

ಲಾಕಪ್ ಎಂಬ ಮಾತು ಕಿವಿಗೆ ಬಿದ್ದೊಡನೆ ನಮಗೆಲ್ಲ ನೆನಪಾಗುವುದು ಪೊಲೀಸು ಠಾಣೆ. ಆ ಮಾತಿಗೆ ಬೇರೊಂದು ಅರ್ಥವೂ ಉಂಟೆಂಬುದು 2008ರ ಬೇಸಿಗೆಯವರೆಗೆ ನನಗೆ ತಿಳಿದಿರಲಿಲ್ಲ. ಆ ವರುಷ ಕಾಲೇಜಿನ ರಜೆಯಲ್ಲಿ ನಾನು ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ನಗರಕ್ಕೆ ಹೋಗಿದ್ದೆ. ಮಗಳು ಅಲ್ಲಿ ಓದುತ್ತಿದ್ದಳು. ಓದುವ ಹುಡುಗಿಯ ಕೈಗೆ ನಿಲುಕುವಂತಹ ಹಳೆಯ ಕಾರೊಂದನ್ನು ಒಂಬೈನೂರು ಡಾಲರಿಗೆ ಕೊಂಡಿದ್ದಳು. 1991ರಲ್ಲಿ ತಯಾರಾದದ್ದು; ಕ್ಲಚ್ಚಿನ ಪೆಡಲು ಇಲ್ಲದೆ ತನಗೆ ತಾನೇ ಗೇರು ಬದಲಾಯಿಸಿಕೊಳ್ಳುವಂಥದು. ತಯಾರಿಸಿದವರ ಹೆಸರು ಇಲ್ಲಿ ಬೇಡ. ಹದಿನೇಳು ವರುಷ ದುಡಿದ ಯಂತ್ರದ ಮೇಲೆ ದೂರು ಹೇಳುವುದು ನ್ಯಾಯವಲ್ಲ.

ಒಂದು ಮಧ್ಯಾಹ್ನ ಹೆದ್ದಾರಿಯಲ್ಲಿ ನಲವತ್ತು ಮೈಲಿ ಹೋಗಿ ಹಿಂದಿರುಗುತ್ತಿದ್ದೆವು. ಊರೊಳಗೆ ಬಂದು ಎಡಕ್ಕೆ ತಿರುಗಬೇಕಾಗಿತ್ತು. ಅಲ್ಲಿ ಬಲಬದಿಯ ಸಂಚಾರವಾದ್ದರಿಂದ ಎಡಕ್ಕೆ ತಿರುಗುವುದೆಂದರೆ ಎದುರಿನ ವಾಹನಗಳ ದಾರಿಯನ್ನು ಅಡ್ಡಹಾಯುವುದು. ಮಗಳು ಚೌಕದ ನಡುವೆ ವೇಗ ತಗ್ಗಿಸಿದಳು. ಕಾರು ಚಳಿಜ್ವರ ಬಂದವರಂತೆ ಎರಡು ಸಲ ನಡುಗಿ ಸ್ತಬ್ಧವಾಯಿತು. ಎದುರಿನಿಂದ ಬರುತ್ತಿದ್ದ ಲಾರಿಯ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಎಂಜಿನ್ನು ನಿಂತರೆ ಸ್ಟಿಯರಿಂಗ್ ಚಕ್ರವೂ ಕಲ್ಲಿನಂತಾಗುತ್ತದೆ. ಮಗಳು ಹೇಗೋ ಮತ್ತೆ ಎಂಜಿನ್ನನ್ನು ಎಬ್ಬಿಸಿ, ಪಕ್ಕಕ್ಕೆ ತಂದು ನಿಲ್ಲಿಸಿ, ಆಮೇಲೆ ಅತ್ತಳು. "ಇದು ಮೂರನೆಯ ಸಲ ಅಪ್ಪ. ನೀವು ಗಾಬರಿಯಾಗುತ್ತೀರೆಂದು ಬರೆಯಲಿಲ್ಲ" ಎಂದಳು.

ದುರಸ್ತಿಯ ಅಂಗಡಿಯವರು ಕಾರನ್ನು ಅರ್ಧ ಗಂಟೆ ನೋಡಿ, ಗೇರು ಪೆಟ್ಟಿಗೆಯನ್ನು ಇಡಿಯಾಗಿ ಬದಲಾಯಿಸಬೇಕು, 1,800 ಡಾಲರು ಎಂದರು. ಕಾರಿನ ಬೆಲೆಯ ಎರಡರಷ್ಟು! ಅವರನ್ನು ಮೋಸಗಾರರೆಂದು ನಾನು ಹೇಳಲಾರೆ. ಇಡೀ ಪೆಟ್ಟಿಗೆಯನ್ನು ಬದಲಿಸಿದರೆ ಒಳಗಿನ ದೋಷ ಯಾವುದೇ ಇರಲಿ, ಹೋಗುವುದಂತೂ ನಿಜ. ಆದರೆ ಪಾಠವೊಂದರಲ್ಲಿ ಒಂದಕ್ಷರ ತಪ್ಪಿದೆಯೆಂದು ಕಾವ್ಯವನ್ನೇ ಹೊಸದಾಗಿ ಬರೆಸುವುದುಂಟೆ?

ಪಕ್ಕದ ಮನೆಯಲ್ಲಿ ಮೋಟಾರು ದುರಸ್ತಿಯಲ್ಲಿ ಕೈಪಳಗಿದ ವೃದ್ಧರೊಬ್ಬರಿದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಯಾವಾಗ ನಿಲ್ಲುತ್ತದೆ?" ಮಗಳು ನೆನೆದು ನೆನೆದು ಹೇಳಿದಳು. ಬೆಳಗಿನ ಹೊತ್ತು ಎಂದೂ ಇಲ್ಲ. ಹೆದ್ದಾರಿಯಲ್ಲಿ ಬಹಳ ದೂರ ಓಡಿ, ಕಾದು, ಆಮೇಲೆ ನಿಧಾನಿಸಿದಾಗ ಮಾತ್ರ. ವೃದ್ಧರು ತಲೆದೂಗಿದರು. "ಲಾಕಪ್ ಬಿಡುತ್ತಿಲ್ಲ. ನಗರದ ಪುಸ್ತಕ ಭಂಡಾರದಲ್ಲಿ ಈ ಕಾರಿನ ದುರಸ್ತಿಯ ಕೈಪಿಡಿ ಸಿಗುತ್ತದೆ, ಓದಿಕೊಂಡು ಬನ್ನಿ" ಎಂದರು. ಮೂವತ್ತು ವರುಷ ಪುಸ್ತಕ ಓದಿಯೇ ಸಂಬಳ ಪಡೆಯುತ್ತಿದ್ದವನಿಗೆ ಇದಕ್ಕಿಂತ ಒಪ್ಪುವ ಕೆಲಸ ಬೇರಾವುದು!

ಕೈಪಿಡಿಯಿಂದ ನಾನು ತಿಳಿದದ್ದು ಇಷ್ಟು. ಎರಡು ಬೀಸಣಿಗೆಗಳನ್ನು ಎದುರುಬದುರಾಗಿ ಇಟ್ಟು ಒಂದನ್ನು ತಿರುಗಿಸಿದರೆ, ಗಾಳಿಯ ಹೊಡೆತಕ್ಕೆ ಇನ್ನೊಂದೂ ತಿರುಗುತ್ತದೆ. ಗಾಳಿಯ ಬದಲು ಎಣ್ಣೆ ತುಂಬಿ, ನಡುವೆ ಎಣ್ಣೆಯ ಹರಿವನ್ನು ತಿದ್ದುವ ಮೂರನೆಯ ಚಕ್ರವೊಂದನ್ನು ಇಟ್ಟರೆ, ಅದೇ ಟಾರ್ಕ್ ಕನ್ವರ್ಟರು. ಒಂದು ಬೀಸಣಿಗೆ ಎಂಜಿನ್ನಿನದು, ಮತ್ತೊಂದು ಗೇರು ಪೆಟ್ಟಿಗೆಯದು. ಜರ್ಮನಿಯ ಹೆರ್ಮಾನ್ ಫಾಟಿಂಗರ್ ಎಂಬ ಎಂಜಿನಿಯರು 1905ರಲ್ಲಿ ಹಡಗುಗಳಿಗಾಗಿ ಈ ಉಪಾಯವನ್ನು ಕಂಡುಹಿಡಿದು ಪೇಟೆಂಟು ಪಡೆದರು. ಇವೆರಡೂ ಒಂದನ್ನೊಂದು ಮುಟ್ಟುವುದಿಲ್ಲವಾದ್ದರಿಂದ ಕಾರು ನಿಂತರೂ ಎಂಜಿನ್ನು ತಿರುಗುತ್ತಿರಬಲ್ಲದು. ಹೊರಡುವಾಗ ತಿರುಗುಬಲವೂ ಸುಮಾರು ಇಮ್ಮಡಿಯಾಗುತ್ತದೆ. ಆದರೆ ಮುಟ್ಟದ ಈ ಸಂಬಂಧದಲ್ಲಿ ಒಂದಿಷ್ಟು ಜಾರಿಕೆ ಇದ್ದೇ ಇರುತ್ತದೆ. ಜಾರಿದಷ್ಟೂ ಶಕ್ತಿ ಬಿಸಿಯಾಗಿ ಎಣ್ಣೆಗೆ ಸೇರಿ ಪೋಲು. ಆದಕಾರಣ ಹೆದ್ದಾರಿಯ ವೇಗದಲ್ಲಿ ಎರಡನ್ನೂ ಬಿಗಿಯಾಗಿ ಕೂಡಿಸುವ ಕ್ಲಚ್ಚೊಂದನ್ನು ಒಳಗೆ ಇಟ್ಟರು. ಅದು ಹಿಡಿಯುವುದಕ್ಕೇ ಲಾಕಪ್ ಎಂದು ಹೆಸರು. 1949ರಲ್ಲಿಯೇ ಪ್ಯಾಕಾರ್ಡ್ ಕಾರುಗಳಲ್ಲಿ ಇಂತಹದೊಂದು ಇತ್ತಾದರೂ, ವ್ಯಾಪಕವಾದದ್ದು 1973ರ ತೈಲದ ಬಿಕ್ಕಟ್ಟಾದ ಮೇಲೆ, ಪೆಟ್ರೋಲಿನ ಉಳಿತಾಯಕ್ಕೆ ಅಲ್ಲಿ ಕಾನೂನು ಬಂದಮೇಲೆ.

ಕನ್ನಡದ ಮೇಷ್ಟರಿಗೆ ಇದು ಸಂಧಿಪ್ರಕರಣದಂತೆ ಕಂಡರೆ ಕೇಳುಗರು ಕ್ಷಮಿಸಬೇಕು. ಓಟದಲ್ಲಿ ಸಂಧಿ, ನಿಲುಗಡೆಯಲ್ಲಿ ಪ್ರಕೃತಿಭಾವ. ನಿಲ್ಲುವ ಹೊತ್ತಿಗೆ ಸಂಧಿ ಬಿಡದಿದ್ದರೆ, ನಮ್ಮ ಊರಿನ ಜೀಪಿನಲ್ಲಿ ಕ್ಲಚ್ ಒತ್ತದೆ ಬ್ರೇಕು ಹಾಕಿದಂತೆಯೇ. ಎಂಜಿನ್ನು ನಡುಗಿ ಸಾಯುತ್ತದೆ.

ದೋಷ ಎಲ್ಲಿ? ಆ ಕಾರಿನಲ್ಲಿ ಲಾಕಪ್ಪನ್ನು ಹಿಡಿಸುವುದು ಸಾಲಿನಾಯ್ಡ್ ಎಂಬ, ವಿದ್ಯುತ್ತಿನಿಂದ ಎಣ್ಣೆಯ ದಾರಿಯನ್ನು ತೆರೆದು ಮುಚ್ಚುವ ಹೆಬ್ಬೆಟ್ಟಿನಷ್ಟು ಉಪಕರಣ. ಬ್ರೇಕು ಒತ್ತಿದೊಡನೆ ಪೆಡಲಿನ ಬಳಿಯ ಸ್ವಿಚ್ಚು ಅದರ ವಿದ್ಯುತ್ತನ್ನು ಕಡಿಯಬೇಕು. ಕಡಿಯದಿದ್ದರೆ ತಪ್ಪು ಸ್ವಿಚ್ಚಿನದು; ಕಡಿದರೂ ಬಿಡದಿದ್ದರೆ ಸಾಲಿನಾಯ್ಡಿನದು, ಇಲ್ಲವೆ ಇನ್ನೂ ಒಳಗಿನ ಕವಾಟದ್ದು. ಹಿಂದಿನ ಕೆಂಪು ದೀಪ ಹತ್ತುತ್ತದೆ, ಆದ್ದರಿಂದ ಸ್ವಿಚ್ಚು ಸರಿಯಾಗಿದೆ ಎಂದು ನಾನು ವಾದಿಸಿದೆ. ವೃದ್ಧರು ನಕ್ಕರು. ಆ ಕಾರಿನಲ್ಲಿ ದೀಪಕ್ಕೊಂದು ಸಂಪರ್ಕ, ಲಾಕಪ್ಪಿಗೆ ಇನ್ನೊಂದು. ಒಂದು ಸಾಕ್ಷಿಯ ಮಾತನ್ನು ಇನ್ನೊಬ್ಬನ ಬಾಯಲ್ಲಿ ಹಾಕಿದ್ದೆ!

ಪೆಟ್ಟಿಗೆಯ ಮಗ್ಗುಲಲ್ಲಿ ತಂತಿ ಸೇರುವ ಕಡೆ ಪರೀಕ್ಷೆಯ ಪುಟ್ಟ ದೀಪವೊಂದನ್ನು ಹಿಡಿದರು. ನಾನು ಒಳಗೆ ಕುಳಿತು ಬ್ರೇಕು ಒತ್ತಿದೆ. ದೀಪ ಆರಿತು. ಬಿಟ್ಟೆ, ಹತ್ತಿತು. ಸ್ವಿಚ್ಚು ನಿರಪರಾಧಿ. ಆಮೇಲೆ ಆ ತಂತಿಯನ್ನೇ ಕಳಚಿ, ಅದೇ ಹೆದ್ದಾರಿಯಲ್ಲಿ, ಅದೇ ನಡುಹಗಲಿನಲ್ಲಿ, ಅಷ್ಟೇ ದೂರ ಓಡಿಸಿ ಎಂದರು. ಎರಡು ದಿನ ಓಡಿಸಿದೆವು. ಪ್ರತಿಯೊಂದು ನಿಲುಗಡೆಯಲ್ಲಿಯೂ ನನ್ನ ಕೈ ಬಾಗಿಲಿನ ಹಿಡಿಯ ಮೇಲಿತ್ತು. ಒಮ್ಮೆಯೂ ನಿಲ್ಲಲಿಲ್ಲ. ಹಿಡಿಯಲು ಹೇಳದೆಯೇ ಇದ್ದಾಗ ಬಿಡುವ ಪ್ರಶ್ನೆಯೇ ಬರಲಿಲ್ಲ. ಕಾದಾಗ ಸಿಕ್ಕಿಕೊಳ್ಳುತ್ತಿದ್ದುದು ಸಾಲಿನಾಯ್ಡು.

ಹಾಗಾದರೆ ತಂತಿಯನ್ನು ಕಳಚಿಯೇ ಬಿಟ್ಟರಾಗದೆ ಎಂದು ಮಗಳು ಕೇಳಿದಳು. ಅನೇಕರು ಹಾಗೆಯೇ ಮಾಡುತ್ತಾರಂತೆ. ವೃದ್ಧರು ಒಪ್ಪಲಿಲ್ಲ. ಲಾಕಪ್ ಇಲ್ಲದೆ ಹೆದ್ದಾರಿಯಲ್ಲಿ ಓಡಿದರೆ ಎಣ್ಣೆ ಹೆಚ್ಚು ಕಾಯುತ್ತದೆ, ಕಾದ ಎಣ್ಣೆ ಬೇಗ ಕೆಡುತ್ತದೆ, ಕೆಟ್ಟ ಎಣ್ಣೆ ಪೆಟ್ಟಿಗೆಯನ್ನೇ ತಿನ್ನುತ್ತದೆ. ಪೆಟ್ರೋಲೂ ಹೆಚ್ಚು ಬೇಕು. ಆ ಬೇಸಿಗೆಯಲ್ಲಿ ಅಲ್ಲಿ ಪೆಟ್ರೋಲು ಗ್ಯಾಲನ್ನಿಗೆ ನಾಲ್ಕು ಡಾಲರು ಮುಟ್ಟಿತ್ತು. ಪೆಟ್ಟಿಗೆಯನ್ನು ಇಳಿಸದೆ, ಪಕ್ಕದ ಮುಚ್ಚಳವನ್ನು ಬಿಚ್ಚಿ, ಅವರ ಪರಿಚಯದವರೊಬ್ಬರು ಹೊಸ ಸಾಲಿನಾಯ್ಡನ್ನು ಹಾಕಿ ಹೊಸ ಎಣ್ಣೆ ತುಂಬಿದರು. ಎಲ್ಲ ಸೇರಿ ಇನ್ನೂರು ಡಾಲರಿಗೆ ಒಳಗೆ.

ಕಡೆಯ ಪರೀಕ್ಷೆ ಇನ್ನೂ ಉಳಿದಿತ್ತು. ಈಗ ಲಾಕಪ್ ಹಿಡಿಯುತ್ತದೆಯೆ, ಬಿಡುತ್ತದೆಯೆ? ಸುತ್ತುಗಳನ್ನು ತೋರಿಸುವ ಮುಳ್ಳು ಆ ಬಡ ಕಾರಿನಲ್ಲಿರಲಿಲ್ಲ, ಕಿವಿಯೇ ಮುಳ್ಳಾಗಬೇಕಾಯಿತು. ಖಾಲಿ ಹೆದ್ದಾರಿಯಲ್ಲಿ ಗಂಟೆಗೆ ಐವತ್ತೈದು ಮೈಲಿ ವೇಗದಲ್ಲಿ ಮಗಳು ಬಲಗಾಲನ್ನು ಅಲುಗಿಸದೆ ಎಡಗಾಲಿನಿಂದ ಬ್ರೇಕನ್ನು ಸೋಕಿದಳು, ಒತ್ತಲಿಲ್ಲ. ಎಂಜಿನ್ನಿನ ದನಿ ಒಂದಿಷ್ಟು ಏರಿತು. ಕಾಲು ತೆಗೆದಳು, ಒಂದೆರಡು ಗಳಿಗೆಯ ಮೇಲೆ ದನಿ ಮತ್ತೆ ಇಳಿಯಿತು. ಕಂದಪದ್ಯದ ಮಾತ್ರೆಗಳನ್ನು ಎಣಿಸಿ ಎಣಿಸಿ ಹಣ್ಣಾದ ಕಿವಿಗೆ ಆ ಏರಿಳಿತ ತಪ್ಪಲಿಲ್ಲ. ಮೂರು ಸಲ ಮಾಡಿಸಿದೆ. ಏರಿಕೆ ಬಿಟ್ಟದ್ದಕ್ಕೆ, ಇಳಿಕೆ ಹಿಡಿದದ್ದಕ್ಕೆ.

ಊರೊಳಗೆ ಅದೇ ಚೌಕ ಬಂದಿತು. ಎಡಕ್ಕೆ ತಿರುಗುವ ಸರದಿ. ಮಗಳು ನಿಲ್ಲಿಸಿದಳು. ಕಾರು ಗುರುಗುಟ್ಟುತ್ತ ನಿಂತಿತು, ಸಾಯಲಿಲ್ಲ. ಎದುರಿನ ವಾಹನಗಳೆಲ್ಲ ಹಾದುಹೋದುವು. "ಅಪ್ಪ, ಇನ್ನು ಬಾಗಿಲು ಬಿಡಿ" ಎಂದಳು. ಕೈಪಿಡಿಯನ್ನು ಹಿಂದಿರುಗಿಸುವ ಅವಧಿ ಅಂದಿಗೇ ಮುಗಿಯುತ್ತಿತ್ತು; ಅಲ್ಲಿಂದ ನೇರವಾಗಿ ಪುಸ್ತಕ ಭಂಡಾರಕ್ಕೆ ಹೋದೆವು.