ಶಾಲೆಯ ಜಮಾ–ಖರ್ಚು

ಎಸ್.ಎಸ್.ಎಲ್.ಸಿ. ಪ್ರಮಾಣಪತ್ರದ ಬಲದಿಂದಲೇ ಬ್ಯಾಂಕಿನ ಗುಮಾಸ್ತನಾದವನು ನಾನು; ಅದರ ಬೆಲೆ ಬಲ್ಲೆ. 2019ರಲ್ಲಿ ಆ ಪರೀಕ್ಷೆಯಲ್ಲಿ ಕೇರಳದ ಶೇಕಡಾ 98.11 ಮಕ್ಕಳು ತೇರ್ಗಡೆಯಾದರು. ನಮ್ಮ ವಯನಾಡಿನದು 93.22, ಹದಿನಾಲ್ಕು ಜಿಲ್ಲೆಗಳಲ್ಲಿ ಕೊನೆಯದು. ಮರುವರ್ಷ 95.04ಕ್ಕೆ ಏರಿದರೂ ಸ್ಥಾನ ಅದೇ. ಮಕ್ಕಳು ದಡ್ಡರೇ? ಅಲ್ಲ.

ಶಾಲೆಯ ಸೌಕರ್ಯವೆಂದರೆ ಕಟ್ಟಡ, ಪುಸ್ತಕ, ಪ್ರಯೋಗಾಲಯ ಮಾತ್ರವಲ್ಲ. ಕಾಡಂಚಿನ ಮಗುವಿಗೆ ದಾರಿಯೂ ಸೌಕರ್ಯವೇ, ಭಾಷೆಯೂ ಸೌಕರ್ಯವೇ. ಕಾಟುನಾಯ್ಕರ ಮನೆಮಾತು ಕನ್ನಡಕ್ಕೆ ಹತ್ತಿರ. ಶಾಲೆಯ ಮಾತು ಮಲಯಾಳ. ಒಂದನೇ ತರಗತಿಯಲ್ಲೇ ಪಾಠ ತಿಳಿಯದ ಮಗು ಹತ್ತರಲ್ಲಿ ಏನು ಬರೆದೀತು? ಇದಕ್ಕಾಗಿಯೇ 2017ರಲ್ಲಿ ವಯನಾಡಿನಲ್ಲಿ ‘ಗೋತ್ರಬಂಧು’ ಆರಂಭವಾಯಿತು. ಬುಡಕಟ್ಟುಗಳ ವಿದ್ಯಾವಂತ ಯುವಜನರೇ ಪ್ರಾಥಮಿಕ ಶಾಲೆಗಳಿಗೆ ಮಾರ್ಗದರ್ಶಕ ಶಿಕ್ಷಕರಾಗಿ ಬಂದರು. ಮಕ್ಕಳನ್ನು ವಾಹನದಲ್ಲಿ ಕರೆತರಲು ‘ಗೋತ್ರಸಾರಥಿ’ ಬಂದಿತು.

ಇದು ದೀರ್ಘಾವಧಿ ಠೇವಣಿ. ಒಂದನೇ ತರಗತಿಗೆ ಸೇರಿದ ಮಗು ಹತ್ತರ ಪರೀಕ್ಷೆ ಬರೆಯಲು ಹತ್ತು ವರ್ಷ ಬೇಕು. ನಡುವೆ ಖಾತೆ ಮುಚ್ಚಿದರೆ ಬಡ್ಡಿಯಿಲ್ಲ.

ಬಂಧುಗಳೇ, ನೀವು ಎರಡು ಭಾಷೆ ಬಲ್ಲವರು. ಫಲಿತಾಂಶ ಬಂದಾಗ ಅಂಕ ಕೇಳುವ ಮೊದಲು ಇಷ್ಟು ಕೇಳಿ: ಈ ಮಗು ಮಳೆಗಾಲದಲ್ಲಿ ಶಾಲೆಗೆ ಹೇಗೆ ಬರುತ್ತಿತ್ತು? ಅದರ ಮಾತು ತಿಳಿಯುವವರು ಅಲ್ಲಿ ಯಾರಿದ್ದರು?