ಟವೆಲ್ ಕಟ್ಟಿದವನಿಗೆ ಕವಚ ಯಾವಾಗ?

ವೀಕ್ಷಕರೇ, ಹತ್ತಿ ಹೊಲದಲ್ಲಿ ಔಷಧಿ ಹೊಡೆಯೋ ರೈತನನ್ನು ನೋಡಿದ್ದೀರಲ್ಲ? ಬೆನ್ನಿಗೆ ಕ್ಯಾನು, ಮುಖಕ್ಕೆ ಟವೆಲ್ಲು. ಅಷ್ಟೇ ರಕ್ಷಣೆ. ನಾವು ಔಷಧಿ ಅಂತೀವಿ. ಆದರೆ ಆರ್ಗನೋಫಾಸ್ಫೇಟ್ ಕೀಟನಾಶಕಗಳೂ ಯುದ್ಧದ ಸಾರಿನ್ ಅನಿಲವೂ ದಾಯಾದಿಗಳು. 1995ರಲ್ಲಿ ಟೋಕಿಯೋದ ಸುರಂಗ ರೈಲಿನಲ್ಲಿ ಹರಡಿದ್ದು ಸಾರಿನ್. 2018ರಲ್ಲಿ ನಮ್ಮ ಚಾಮರಾಜನಗರದ ಸುಳ್ವಾಡಿಯಲ್ಲಿ ಪ್ರಸಾದದಲ್ಲಿ ಸಿಕ್ಕಿದ್ದು ಕೀಟನಾಶಕ ಮಾನೋಕ್ರೋಟೋಫಾಸ್. 17 ಜನ ಸತ್ತರು. ಎರಡೂ ವಿಷ ಮಾಡೋದು ಒಂದೇ ಕೆಲಸ. ನರಗಳ ಸಂದೇಶವನ್ನು ಆರಿಸಬೇಕಾದ ಕಿಣ್ವಕ್ಕೆ ಬೀಗ ಹಾಕುತ್ತವೆ. ಸ್ವಿಚ್ ಆಫ್ ಆಗೋದೇ ಇಲ್ಲ, ಉಸಿರು ಕಟ್ಟುತ್ತೆ.

ಈ ವಿಷಕ್ಕೆ ಮಣ್ಣಿನ ಬ್ಯಾಕ್ಟೀರಿಯಾ ಒಂದು ಕತ್ತರಿ ಇಟ್ಟುಕೊಂಡಿದೆ. ಅದೂ ಕಿಣ್ವವೇ, ಹೆಸರು ಫಾಸ್ಫೋಟ್ರೈಎಸ್ಟರೇಸ್. ಅದರ ನಡುಮಧ್ಯ ಎರಡು ಸತುವಿನ ಅಯಾನು, ಎರಡರ ನಡುವೆ ಸೇತುವೆಯಂತೆ ಒಂದು ಹೈಡ್ರಾಕ್ಸೈಡ್. ಸತು ವಿಷವನ್ನು ಹಿಡಿದು ನಿಲ್ಲಿಸುತ್ತೆ, ರಂಜಕದ ಕೊಂಡಿ ಕಡಿಯುತ್ತೆ. ಆದರೆ ಕಿಣ್ವ ಸೂಕ್ಷ್ಮ, ಬಿಸಿಗೆ ಕೆಡುತ್ತೆ. ಮೂಟೆ ಕಟ್ಟಿ ಗೋದಾಮಿನಲ್ಲಿ ಇಡೋಕಾಗಲ್ಲ.

ಇಲ್ಲಿಗೆ ಬಂತು ಎಂಓಎಫ್. ಲೋಹದ ಗಂಟುಗಳನ್ನು ಸಾವಯವ ಕಡ್ಡಿಗಳಿಂದ ಜೋಡಿಸಿದ, ಒಳಗೆಲ್ಲ ರಂಧ್ರಗಳಿರುವ ಚೌಕಟ್ಟು. ಈ ವಿದ್ಯೆಗೇ 2025ರಲ್ಲಿ ಕಿಟಗಾವಾ, ರಾಬ್ಸನ್, ಯಾಘಿ ಮೂವರಿಗೆ ನೊಬೆಲ್ ಬಂದಿದ್ದು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ತಂಡ 2014ರಲ್ಲಿ ಯುಐಓ-66 ಅನ್ನೋ ಜಿರ್ಕೋನಿಯಂ ಚೌಕಟ್ಟನ್ನು ಕೈಗೆತ್ತಿಕೊಂಡಿತು. ಅದರ ಗಂಟಿನಲ್ಲೂ ಎರಡು ಲೋಹದ ನಡುವೆ ಅದೇ ಸೇತುವೆ! ಇಡೀ ಕಿಣ್ವದ ನಕಲು ಯಾಕೆ ಬೇಕು, ಕೆಲಸ ನಡೆಯೋ ಜಾಗ ಸಾಕಲ್ವಾ? ಎಂಜಿನಿಯರಿಂಗ್ ಓದಿದ ನನಗೆ ಹಿಡಿಸಿದ್ದು ಇದೇ. ಸಾರಿನ್ ಬದಲು ಅವರು ಹಾಕಿದ್ದು ಮೀಥೈಲ್ ಪ್ಯಾರಾಕ್ಸಾನ್. ಕೀಟನಾಶಕ ಮೀಥೈಲ್ ಪ್ಯಾರಾಥಿಯಾನ್ ದೇಹದೊಳಗೆ ಹೋಗಿ ಆಗೋದು ಇದೇ ವಿಷ. ಮುಕ್ಕಾಲು ಗಂಟೆಯಲ್ಲಿ ಅರ್ಧ ಖಾಲಿ. ಮರುವರ್ಷ, ರಂಧ್ರ ದೊಡ್ಡದಿರುವ ಎನ್‌ಯು-1000ರಲ್ಲಿ 15 ನಿಮಿಷ.

'ವಿಷಕ್ಕೆ ಮದ್ದು ಸಿಕ್ತು' ಅಂತ ನಮ್ಮ ಡೆಸ್ಕಿನವರು ಬ್ರೇಕಿಂಗ್ ಹಾಕೋ ಮುಂಚೆ ಒಂದು ಮಾತು. ಇದು ಕುಡಿಯೋ ಮದ್ದಲ್ಲ. ಒಳಗೆ ಹೋದ ವಿಷಕ್ಕೆ ಈಗಲೂ ಆಸ್ಪತ್ರೆ, ಅಟ್ರೋಪಿನ್. ಇದು ಹೊರಗೇ ತಡೆಯೋ ಪುಡಿ. ಆ ವೇಗ ಸಿಕ್ಕಿದ್ದೂ ಕ್ಷಾರೀಯ ದ್ರಾವಣದಲ್ಲಿ. ಒಣ ಬಟ್ಟೆ ಮೇಲೆ ಅಷ್ಟು ಸುಲಭ ಅಲ್ಲ. ಕಡಿದ ತುಂಡುಗಳೇ ಲೋಹಕ್ಕೆ ಅಂಟಿಕೊಂಡು ಜಾಗ ಮುಚ್ಚಿಬಿಡ್ತವೆ. ನೂಲಿಗೇ ಪುಡಿ ಕೂರಿಸೋ ಪ್ರಯತ್ನವೂ ನಡೆದಿದೆ, ಮೊದಲ ಗುರಿ ಸೈನಿಕರ ಮಾಸ್ಕು, ಸಮವಸ್ತ್ರ.

ರೈತನಿಗೆ? ನಮ್ಮ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆ ಬೇರೆ ದಾರಿ ಹಿಡೀತು. ಎಂಓಎಫ್ ಅಲ್ಲ, ಬಟ್ಟೆಗೇ ವಿಷ ಕಡಿಯುವ ಆಕ್ಸೈಮ್ ಅಂಟಿಸಿ 'ಕಿಸಾನ್ ಕವಚ' ಮಾಡಿತು. ಒಗೆದು ಮತ್ತೆ ಹಾಕ್ಕೋಬಹುದು. 2024ರ ಡಿಸೆಂಬರ್‌ನಲ್ಲಿ ಬಿಡುಗಡೆ ಆದಾಗ ಬೆಲೆ 4,000 ರೂಪಾಯಿ. ದಿನಗೂಲಿಗೆ ಔಷಧಿ ಹೊಡೆಯೋನು ಆ ದುಡ್ಡು ಎಲ್ಲಿಂದ ತರಬೇಕು ಅಂತ ಕೃಷಿ ಇಲಾಖೆಯವರು ಹೇಳಲಿ.